ಮೀಸಲು ನೀರಿಗೆ ಹೊರಟ ಕ್ಯಾತಮ್ಮ

ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿ ಕ್ಯಾತಮ್ಮ ಕೂತದ್ದು ನಿಜ. ಅದನ್ನು ಬಿದ್ದದ್ದು ಎನ್ನಲು ಅವಳಿಗೇ ನಾಚಿಕೆ. ಹುಡುಗಿಯಾಗಿದ್ದಾಗ ಹುಣಸೆಮರದಿಂದ ಬಿದ್ದಿದ್ದಳು, ಮದುವೆಯಾದ ಹೊಸತರಲ್ಲಿ ಟಗರು ಗುದ್ದಿ ಬೇಲಿಗೆ ಹೋಗಿ ಬಿದ್ದಿದ್ದಳು. ಎದ್ದು ಸೀರೆ ಕೊಡವಿಕೊಂಡು ಕೆಲಸಕ್ಕೆ ಹೋಗಿದ್ದಳು. ಈಗ ಒಂದು ಚೊಂಬು ನೀರು ಚೆಲ್ಲಿದ ಕಲ್ಲಿನ ಮೇಲೆ, ಊಟಕ್ಕೆ ಕೂತಷ್ಟೇ ಮೆತ್ತಗೆ ಕೂತು, ಊರಿದ ಎಡಗೈಯನ್ನು ಮುರಿದುಕೊಂಡಳು.

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿದ ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಮೂಳೆಯ ಪರೀಕ್ಷೆ ಮಾಡಿಸಿದರು, ಬೆನ್ನಿನ ಎಕ್ಸ್‌ರೇ ತೆಗೆಸಿದರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಒಳಗೊಳಗೇ ಸವೆಯುತ್ತದೆ, ನಿಮ್ಮದು ಬೇಗ ಸವೆದಿದೆ, ಬೆನ್ನುಮೂಳೆ ಮಾತ್ರ ಸದ್ಯಕ್ಕೆ ಚೆನ್ನಾಗಿದೆ ಎಂದರು. ಮಾತ್ರೆ ಬರೆದುಕೊಟ್ಟು, ಕೈ ಕೂಡಿದ ಮೇಲೆ ವ್ಯಾಯಾಮ ಕಲಿಯಲು ಬನ್ನಿ ಎಂದರು. ಈ ಕೊನೆಯ ಮಾತು ವಾಪಸ್ಸು ಬರುವಾಗ ಬಸ್ಸಿನಲ್ಲೇ ಎಲ್ಲೋ ಉಳಿದುಹೋಯಿತು. ಹಟ್ಟಿಗೆ ಬಂದು ಮುಟ್ಟಿದ್ದು ಕ್ಯಾತಮ್ಮನ ಮೂಳೆ ಸವೆದಿದೆಯಂತೆ ಎನ್ನುವ ಸುದ್ದಿ ಒಂದೇ.

ಸುದ್ದಿ ಕೇಳಿ ಹಟ್ಟಿ ಹೌಹಾರಿತು. ಹೌಹಾರದೆ ಇನ್ನೇನು? ಬರುವ ಕಾರ್ತಿಕಕ್ಕೆ ಮೀಸಲು ನೀರು ಹೊರಬೇಕಾದವಳು ಇವಳೇ.

ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನ ಅಂಚಿಗೆ ಅಂಟಿಕೊಂಡಿರುವ ಆ ಹಟ್ಟಿಯಲ್ಲಿ ಕಾರ್ತಿಕದ ಒಂದು ದಿನ ದೇವರನ್ನು ಮೀಯಿಸುತ್ತಾರೆ. ಅದಕ್ಕೆ ನಲ್ಲಿಯ ನೀರು ಆಗುವುದಿಲ್ಲ, ಬೋರಿನ ನೀರೂ ಆಗುವುದಿಲ್ಲ. ಹಳ್ಳದ ಮರಳಲ್ಲಿ ಕೈಯಿಂದ ಚಿಲುಮೆ ತೋಡಿ, ಬಸಿದು ಬಂದ ನೀರನ್ನು ಮಣ್ಣಿನ ಕೊಡದಲ್ಲಿ ತುಂಬಿ, ಒಬ್ಬ ಹೆಂಗಸು ತಲೆಯ ಮೇಲೆ ಹೊತ್ತು ತರಬೇಕು. ಅವಳಿಗೆ ತಿಂಗಳು ತಿಂಗಳು ಹೊರಗಾಗುವುದು ನಿಂತಿರಬೇಕು. ಚಿಲುಮೆಯಿಂದ ಗುಡಿಯವರೆಗೆ ಕೊಡವನ್ನು ಎಲ್ಲೂ ಇಳಿಸುವಂತಿಲ್ಲ, ಇನ್ನೊಬ್ಬರ ತಲೆಗೆ ದಾಟಿಸುವಂತಿಲ್ಲ. ಮೊದಲಾದರೆ ಕಾವಲನ್ನು ಅಡ್ಡ ಹಾಯ್ದರೆ ಗುಡಿ. ಈಗ ಕಾವಲಿನಲ್ಲಿ ದೊಡ್ಡ ದೊಡ್ಡ ಓದಿನವರ ಕಟ್ಟಡಗಳು ಬಂದು, ಅವುಗಳ ಸುತ್ತ ಉದ್ದನೆಯ ಗೋಡೆ ಬಂದು, ಸುತ್ತು ಹಾಕಿಕೊಂಡು ಬರಬೇಕು.

ಇಷ್ಟು ವರ್ಷ ಆ ಕೊಡ ಹೊತ್ತವಳು ಕ್ಯಾತಮ್ಮನ ಓರಗಿತ್ತಿ ಶಾರದಮ್ಮ. ಈಗ ಅವಳ ಬೆನ್ನು ಎಷ್ಟು ಬಾಗಿದೆಯೆಂದರೆ ಮಾತಾಡಿಸುವವರೇ ಬಗ್ಗಿ ಮುಖ ನೋಡಬೇಕು. ಕಳೆದ ಸಲ ಗುಡಿಯ ಹೊಸ್ತಿಲಲ್ಲಿ ಕೊಡ ಇಳಿಸಿ, ತಲೆಯ ಮೇಲಿನ ಸಿಂಬಿಯನ್ನು ತೆಗೆದು, ಬಟ್ಟೆಯ ಆ ಸುರುಳಿಯನ್ನು ಕ್ಯಾತಮ್ಮನ ಕೈಗೆ ಇಟ್ಟಿದ್ದಳು. "ನನ್ನ ಕೈಯಾಗೆ ಆಗಾಕಿಲ್ಲ ತಂಗಿ. ಇನ್ನ ನೀನು" ಎಂದಿದ್ದಳು.

ಆ ಸಿಂಬಿ ಹಿಡಿದುಕೊಂಡಾಗ ಕ್ಯಾತಮ್ಮನಿಗೆ ಆದ ಸಂತೋಷವನ್ನು ಅವಳು ಯಾರಿಗೂ ಹೇಳಲಿಲ್ಲ. ಸೊಸೆಯಾಗಿ ಬಂದಂದಿನಿಂದ ದೇವರ ಕೆಲಸ ಎಂದರೆ ಅವಳ ಪಾಲಿಗೆ ದೂರ ಸರಿಯುವ ಕೆಲಸವಾಗಿತ್ತು. ತಿಂಗಳಿಗೊಮ್ಮೆ ಸರಿ, ಹೆತ್ತಾಗ ಸರಿ, ಕೂಸಿನ ಮೈಲಿಗೆ ಅಂತ ಸರಿ. ಗುಡಿಯಲ್ಲಿ ಏನೇ ನಡೆದರೂ ಕಂಡದ್ದು ಮುಂದೆ ನಿಂತವರ ಬೆನ್ನು. ಒಂದು ಸಲ, ಒಂದೇ ಸಲ, ತಾನು ಹೊತ್ತು ತಂದ ನೀರು ದೇವರ ತಲೆಯಿಂದ ಇಳಿಯುವುದನ್ನು ಎದುರಿಗೇ ನಿಂತು ನೋಡಬೇಕು. ಅವಳಿಗೆ ಬೇಕಾದದ್ದು ಅಷ್ಟು. ಅದು ಸಣ್ಣ ಆಸೆ ಅಂತ ಯಾರಾದರೂ ಅಂದರೆ ಅವರು ಯಾವತ್ತೂ ಹೊರಗೆ ಕೂತವರಲ್ಲ.

ಇಲ್ಲಿ ಹಟ್ಟಿ ಒಂದು ತಪ್ಪು ಮಾಡಿತು. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ ಮಾಡಿತು. ಹೊಸ ರಾಗಿ ಬಂದರೆ ಮೊದಲ ಮೊರದಷ್ಟನ್ನು ದೇವರಿಗೆ ತೆಗೆದಿಡುತ್ತಾರೆ. ಮೊದಲ ತುಪ್ಪವನ್ನು ತೆಗೆದಿಡುತ್ತಾರೆ. ತೆಗೆದಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ, ಬಳಸುವುದಿಲ್ಲ. ಮೂಳೆ ಸವೆದ ಕ್ಯಾತಮ್ಮನನ್ನೂ ಹಾಗೆಯೇ ತೆಗೆದಿಟ್ಟರು. ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂರಿಸಿದರು. ನೀರಿಗೆ ಹೋದರೆ ಯಾರೋ ಬಂದು ಬಿಂದಿಗೆ ಕಿತ್ತುಕೊಳ್ಳುವರು. ಕಸಬರಿಗೆ ಹಿಡಿದರೆ ಗಂಡ ಚಿಕ್ಕೀರಪ್ಪನೇ ಗದರುವನು. ಕುರಿಯ ಹಿಂದೆ ಕಾವಲಿಗೆ ಹೋಗುವುದಂತೂ ದೂರದ ಮಾತು.

"ಕಾರ್ತಿಕದವರ್ಗೂ ಸುಮ್ಕೆ ಕೂತ್ಕೋ. ಇರೋ ಮೂಳೇನಾದ್ರೂ ಉಳೀಲಿ" ಎಂದು ಹೋಗುವವರು ಬರುವವರೆಲ್ಲ ಹೇಳಿದರು.

ಕ್ಯಾತಮ್ಮ ಕೂತಳು. ಮೊದಮೊದಲು ಹಿತವೇ ಆಯಿತು. ಬೇವಿನ ನೆರಳು ನಿಧಾನವಾಗಿ ಅವಳ ಸುತ್ತ ತಿರುಗುತ್ತಿತ್ತು, ಅವಳು ನೆರಳಿನ ಜೊತೆ ಕಂಬಳಿ ಎಳೆದುಕೊಂಡು ಸರಿಯುತ್ತಿದ್ದಳು. ಕಣ್ಣು ಮುಚ್ಚಿದರೆ ಕಾವಲು ಕಾಣುತ್ತಿತ್ತು. ಈಗಿನದಲ್ಲ, ಅವಳು ಮದುವಣಗಿತ್ತಿಯಾಗಿ ಬಂದಾಗಿನ ಗೋಡೆಯಿಲ್ಲದ ಕಾವಲು. ಸೊಂಟದವರೆಗೆ ಹುಲ್ಲು. ಹುಲ್ಲಿನ ಮೇಲೆ ಗಾಳಿ ಓಡುವುದು, ಗಾಳಿಯ ಹಿಂದೆ ಜಿಂಕೆಗಳು ಓಡುವುದು. ಆ ಹುಲ್ಲಿನ ನಡುವೆ ಅವಳು ಕೊಡ ಹೊತ್ತು ಬರುತ್ತಿದ್ದಳು. ಕೊಡಕ್ಕೆ ಭಾರವೇ ಇರುತ್ತಿರಲಿಲ್ಲ. ಸತ್ತುಹೋದ ಅತ್ತೆ, ಅತ್ತೆಯ ಅತ್ತೆ, ಹೆಸರೂ ಗೊತ್ತಿಲ್ಲದ ಎಷ್ಟೋ ಮುದುಕಿಯರು ಹುಲ್ಲಿನಲ್ಲಿ ಎದ್ದು ನಿಂತು ದಾರಿ ಬಿಡುತ್ತಿದ್ದರು. ಗುಡಿ ಕಾಣುವಷ್ಟರಲ್ಲಿ ಕಾಲು ಮರಳಿನಲ್ಲಿ ಹೂತಂತಾಗಿ ಎಚ್ಚರವಾಗುತ್ತಿತ್ತು. ಎಚ್ಚರವಾದರೆ ಏಳಲು ಮರ ಹಿಡಿದುಕೊಳ್ಳಬೇಕಾಗುತ್ತಿತ್ತು.

ಬೇಸಿಗೆ ಕಳೆಯುವ ಹೊತ್ತಿಗೆ ಯಾರಾದರೂ ಕೈ ಕೊಟ್ಟರೆ ಮಾತ್ರ ಏಳುವಂತಾಯಿತು. ತೊಡೆ ಸೊರಗಿತು. ಒಂದು ಮಧ್ಯಾಹ್ನ ಅವಳು ಮಲಗಿದ್ದಾಳೆಂದುಕೊಂಡು ಗುಡಿಯ ಪೂಜಾರಿ ದೊಡ್ಡೀರಪ್ಪ ಅವಳ ಗಂಡನ ಹತ್ತಿರ ಮಾತಾಡಿದ.

"ಇವ್ಳ ಕೈಲಿ ಆಗೋದು ನಂಗೇನೂ ಕಾಣಲ್ಲ ಚಿಕ್ಕೀರ. ಹೊರಗಾಗೋದು ನಿಂತು, ಕೊಡ ಹೊರೋ ಅಂಥ ಬೇರೆ ಯಾವ ಹೆಂಗ್ಸೂ ಇಲ್ಲ. ಈ ಸಲ ಗಂಡಸ್ರೇ ಬೈಕಿನಾಗೆ ಕ್ಯಾನ್ ಕಟ್ಕೊಂಡು ಹೋಗಿ ತರಾನ. ನೀರು ಚಿಲುಮೇದೇ ತಾನೆ?"

"ಆಗ್ಲಿ ಬಿಡು. ಅವಳು ಬದುಕಿದ್ರೆ ಸಾಕು" ಎಂದ ಚಿಕ್ಕೀರಪ್ಪ.

ಕ್ಯಾತಮ್ಮನಿಗೆ ನಿದ್ದೆ ಬಂದಿರಲಿಲ್ಲ, ಎಲ್ಲ ಕೇಳಿಸಿತು. ಪೂಜಾರಿಯ ಮೇಲೆ ಬಂದ ಸಿಟ್ಟಿಗಿಂತ ಗಂಡನ ಮೇಲೆ ಬಂದದ್ದು ಹೆಚ್ಚು. ಬದುಕಿದ್ದರೆ ಸಾಕಂತೆ! ಆಚೆ ಬದಿಗೆ ಹೊರಳಿ ಸದ್ದಿಲ್ಲದೆ ಅತ್ತಳು. ಅದನ್ನು ನೋಡಿದವಳು ಸೊಸೆ ಗಂಗಲಕ್ಷ್ಮಿ. ಡಾಕ್ಟರ ಹತ್ತಿರ ಜೊತೆಗೆ ಹೋಗಿದ್ದವಳು, ಬಸ್ಸಿನಲ್ಲಿ ಮಾತು ಕಳೆದುಕೊಂಡು ಬಂದವಳು ಅವಳೇ.

"ಅತ್ತೆ, ಆವತ್ತು ಡಾಕ್ಟ್ರು ವ್ಯಾಯಾಮಕ್ ಬರ್ರಿ ಅಂದಿದ್ರು. ಈ ವಯಸ್ನಾಗೆ ಎಂಥ ವ್ಯಾಯಾಮ ಅಂತ ನಾನೇ ಯಾರಿಗೂ ಹೇಳ್ಲಿಲ್ಲ. ನಾಳೆ ಹೋಗಾನ ನಡಿ" ಎಂದಳು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವವಳು ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆಯ ಮಗಳು, ಜ್ಯೋತಿಲಕ್ಷ್ಮಿ. ಕನ್ನಡಕದ ಹುಡುಗಿ, ಮಾತು ಸ್ವಲ್ಪ ಖಾರ.

"ಮನೇಲಿ ಏನ್ ಕೆಲಸ ಮಾಡ್ತೀರಮ್ಮ?"

"ಏನೂ ಮಾಡಂಗಿಲ್ಲ ಮೇಡಮ್ಮ. ನನ್ನೇ ದೇವ್ರಿಗೆ ಅಂತ ಎತ್ತಿಟ್ಟವ್ರೆ."

ವಿಷಯವೆಲ್ಲ ಕೇಳಿ ಜ್ಯೋತಿಲಕ್ಷ್ಮಿ ಪೆನ್ನು ಕೆಳಗಿಟ್ಟಳು. "ಎತ್ತಿಟ್ಟಿದ್ದಕ್ಕೇ ಇನ್ನೂ ಸವೀತಾ ಐತೆ. ಮೈಭಾರ ಕಾಲಿನ ಮೇಲೆ ಬಿದ್ರೆ, ಕೈಗೆ ಒಂದಿಷ್ಟು ಭಾರ ಕೊಟ್ರೆ, ಮೂಳೆಗೆ ತಾನಿನ್ನೂ ಬೇಕು ಅಂತ ಗೊತ್ತಾಗ್ತೈತೆ. ಕೂರ್ಸಿದ್ರೆ ಅದೂ ಕೂತ್ಕಂತೈತೆ."

ಗೋಡೆಗೆ ಅಂಗೈ ಊರಿ ತಳ್ಳುವುದನ್ನು ತೋರಿಸಿದಳು. ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ನೆಲಕ್ಕೆ ಇಳಿಸುವುದನ್ನು, ಕುರ್ಚಿಯಿಂದ ಕೈ ಊರದೆ ಏಳುವುದನ್ನು, ಆಸರೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದನ್ನು ತೋರಿಸಿದಳು. ಬೆನ್ನು ಬಗ್ಗಿಸಿ ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ, ನೋವು ಬಂದರೆ ನಿಲ್ಲಿಸಿ ಎಂದಳು. ಕೊಡದ ಮಾತು ಬಂದಾಗ ಮಾತ್ರ ಅವಳ ಹುಬ್ಬು ಗಂಟಿಕ್ಕಿತು.

"ತಲೆ ಮೇಲೆ ತುಂಬಿದ ಕೊಡ ನಾನು ಒಪ್ಪಲ್ಲ. ಕೊಡ ಇಷ್ಟೇ ದೊಡ್ದು ಇರ್ಬೇಕು ಅಂತ ಏನಾದ್ರೂ ಐತಾ?"

ಕ್ಯಾತಮ್ಮ, ಗಂಗಲಕ್ಷ್ಮಿ ಮುಖ ಮುಖ ನೋಡಿಕೊಂಡರು. ಇಳಿಸಬಾರದು ಎಂದಿತ್ತು, ದಾಟಿಸಬಾರದು ಎಂದಿತ್ತು. ಎಷ್ಟು ದೊಡ್ಡದು ಎಂದು ಯಾರೂ ಹೇಳಿರಲಿಲ್ಲ.

"ಹಂಗಾದ್ರೆ ಪುಟ್ಟ ಕೊಡ ತಗೊಳ್ರಿ. ಅದಕ್ ಮುಂಚೆ ಕಾಲು ಗಟ್ಟಿ ಮಾಡ್ಕೊಂಡು ಬಂದು ನಂಗೆ ತೋರಿಸ್ರಿ. ಆಮೇಲೆ ನೋಡಾಣ" ಎಂದಳು ಜ್ಯೋತಿಲಕ್ಷ್ಮಿ.

ಒಂಟಿಕಾಲಿನ ವ್ಯಾಯಾಮ ನೋಡಿ ಕ್ಯಾತಮ್ಮ ಬಸ್ಸಿನಲ್ಲಿ ಹಟ್ಟಿಗೆ ಬರುವವರೆಗೂ ನಕ್ಕಳು. ಕುರಿ ಕಾಯುವ ಗಂಡಸರು ಕೋಲಿಗೆ ಒರಗಿ, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಆನಿಸಿ, ಬೆಳಗಿನಿಂದ ಬೈಗಿನವರೆಗೆ ನಿಲ್ಲುವುದು ಅದೇ ರೀತಿ. ತನ್ನ ಗಂಡನನ್ನು ಅವಳು ಎರಡು ಕಾಲಿನ ಮೇಲೆ ಕಂಡದ್ದಕ್ಕಿಂತ ಒಂಟಿಕಾಲಿನ ಮೇಲೆ ಕಂಡದ್ದೇ ಹೆಚ್ಚು.

"ನನ್ನೂ ಕಾವಲಿಗೆ ಕರ್ಕೊಂಡ್ ಹೋಗು. ನೀನು ನಿಂತಂಗೆ ನಾನೂ ನಿಲ್ಲಬೇಕಂತೆ" ಎಂದಳು ಚಿಕ್ಕೀರಪ್ಪನಿಗೆ.

ಮಾರನೆಯ ಬೆಳಿಗ್ಗೆ ಅವನ ಕೈಯಲ್ಲಿ ಕೋಲು ಎರಡು ಇದ್ದವು.

ಹಟ್ಟಿಗೆ ನಗಲು ಹೊಸದೊಂದು ಸಿಕ್ಕಿತು. ಮುಂಗಾರಿನ ಹಸಿರು ಆಗತಾನೆ ಮೊಳೆತ ಕಾವಲಿನಲ್ಲಿ ಕುರಿಗಳು ಮೇಯುತ್ತಿರುತ್ತವೆ, ಗಂಡ ಹೆಂಡತಿ ಅಕ್ಕಪಕ್ಕ ಒಂಟಿಕಾಲಲ್ಲಿ ನಿಂತಿರುತ್ತಾರೆ. ಕ್ಯಾತಮ್ಮ ತೂಗಾಡಿದರೆ ಅವನು ಭುಜ ಒಡ್ಡುತ್ತಿದ್ದ. ಅಷ್ಟು ವರ್ಷ ಒಟ್ಟಿಗೆ ಬದುಕಿದರೂ ಇಷ್ಟು ಹೊತ್ತು ಒಂದೇ ದಿಕ್ಕಿಗೆ ನೋಡುತ್ತಾ ನಿಂತದ್ದು ಅವರಿಗೆ ನೆನಪಿರಲಿಲ್ಲ. ಮೋಡದ ನೆರಳು ದೂರದಿಂದ ಹುಲ್ಲಿನ ಮೇಲೆ ಬರುತ್ತಿತ್ತು, ಅವರನ್ನು ದಾಟಿ ಕುರಿಗಳನ್ನು ದಾಟಿ ಹೋಗುತ್ತಿತ್ತು. ನೆರಳು ಹೋದ ಮೇಲೂ ತಾನು ನಿಂತೇ ಇದ್ದೇನೆ ಎನ್ನುವುದು ಕ್ಯಾತಮ್ಮನಿಗೆ ಸ್ವಲ್ಪ ಹೊತ್ತಾದ ಮೇಲೆ ತಿಳಿಯುತ್ತಿತ್ತು.

ಗೋಡೆ ತಳ್ಳಲು ಬೇರೆ ಗೋಡೆ ಹುಡುಕಬೇಕಾಗಿರಲಿಲ್ಲ. ಕಾವಲಿನ ಆ ಉದ್ದನೆಯ ಗೋಡೆಗೆ ಅವಳು ಎರಡೂ ಅಂಗೈ ಊರಿ ಮೈ ಆನಿಸಿ ತಳ್ಳುವಳು.

"ಇನ್ನೊಂದಿಷ್ಟು ಜೋರಾಗ್ ತಳ್ಳು. ಬಿದ್ರೆ ಒಳೀಕ್ ಕುರಿ ಬಿಡಾನ" ಎನ್ನುವನು ಚಿಕ್ಕೀರಪ್ಪ.

"ನೀನೂ ಒಂದ್ ಕೈ ಹಾಕು ಮತ್ತೆ" ಎನ್ನುವಳು ಅವಳು. ಗೋಡೆ ಬೀಳಲಿಲ್ಲ. ಅವಳ ತೋಳು ಮಾತ್ರ ತುಂಬಿಕೊಂಡಿತು.

ಸಂಜೆಯ ಪಾಠ ಗಂಗಲಕ್ಷ್ಮಿಯದು. ಜ್ಯೋತಿಲಕ್ಷ್ಮಿ ತೋರಿಸಿದ್ದನ್ನೆಲ್ಲ ಅವಳು ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದಳು. ಜಗಲಿಯ ಮೇಲೆ ಅತ್ತೆಯನ್ನು ಕೂರಿಸುವಳು, ಏಳಿಸುವಳು, ಕೈ ಊರಿದರೆ ರೇಗುವಳು. "ಕಳ್ಳಾಟ ಆಡ್ಬ್ಯಾಡ ಅತ್ತೆ, ನಂಗೆ ಕಾಣ್ತೈತೆ" ಎನ್ನುವಳು. ಅತ್ತೆ ಒಬ್ಬಳೇ ಮಾಡಿದರೆ ಬೇಜಾರಾಗುತ್ತದೆಂದು ತಾನೂ ಜೊತೆಗೆ ಮಾಡುವಳು. ಹೊಲದ ಕೂಲಿಯಿಂದ ಸುಸ್ತಾಗಿ ಬಂದಿದ್ದರೂ ಬಿಡಲಿಲ್ಲ. ಕ್ಯಾತಮ್ಮನಿಗೆ ಕೆಲವು ದಿನ ಇವಳು ಸೊಸೆಯೋ ಅತ್ತೆಯೋ ಎಂದು ಅನುಮಾನ ಬರುತ್ತಿತ್ತು. ಮನಸ್ಸು ತುಂಬಿ ಏನಾದರೂ ಹೇಳೋಣವೆಂದರೆ ಸೊಸೆ, "ಮಾತಾಡ್ಬ್ಯಾಡ, ಹಿಮ್ಮಡಿ ಎತ್ತು" ಎನ್ನುವಳು.

ಶ್ರಾವಣದಲ್ಲಿ ಖಾಲಿ ಕೊಡ ತಲೆಗೇರಿತು. ಪುಟ್ಟ ಕೊಡ. ದೊಡ್ಡೀರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ರೂಢಿಯಲ್ಲಿ ಅದಕ್ಕೆ ಅಡ್ಡಿ ಏನೂ ಸಿಗದೆ, "ದೇವ್ರಿಗೆ ಇಷ್ಟು ಸಾಕಾಗ್ತೈತೆ ಬಿಡು" ಎಂದ. ಆಮೇಲೆ ತಳದಷ್ಟು ನೀರು, ಆಮೇಲೆ ಅರ್ಧ. ಚಳ್ಳಕೆರೆಗೆ ಹೋಗಿ ತೋರಿಸಿ ಬಂದದ್ದೂ ಆಯಿತು. ಜ್ಯೋತಿಲಕ್ಷ್ಮಿ ಅವಳನ್ನು ನಡೆಸಿ, ನಿಲ್ಲಿಸಿ, ಬೆನ್ನು ತಡವಿ ನೋಡಿ, "ಅರ್ಧ ಕೊಡ. ಅದಕ್ಕಿಂತ ಒಂದ್ ಹನಿ ಜಾಸ್ತಿ ಇಲ್ಲ" ಎಂದು ಬೆರಳು ತೋರಿಸಿ ಕಳಿಸಿದಳು. ಕನಸಿನ ಹುಲ್ಲಿನಲ್ಲಿ ಈಗ ಕಾಲು ಹೂಳುತ್ತಿರಲಿಲ್ಲ. ಆದರೆ ಗುಡಿ ಕಾಣುವ ಮೊದಲೇ ಎಚ್ಚರವಾಗುವುದು ಮಾತ್ರ ತಪ್ಪಲಿಲ್ಲ.

ಕಾರ್ತಿಕದ ಆ ದಿನ ಬೆಳಿಗ್ಗೆ ಕ್ಯಾತಮ್ಮ ಮಡಿಯುಟ್ಟು ಹೊರಗೆ ಬಂದರೆ ಗಂಗಲಕ್ಷ್ಮಿ ಅಂಗಳದ ಆಚೆ ನಿಂತಿದ್ದಳು. ಕೈಯಲ್ಲಿ ಒಂದು ಚಾಪೆ, ಒಂದು ತಂಬಿಗೆ.

"ಈಗ್ಲೇ ಆಗ್ಬೇಕಿತ್ತಾ ನೋಡು. ನಾನ್ ಹೊರಗಾದೆ ಅತ್ತೆ" ಎಂದಳು. ನಗಲು ನೋಡಿದಳು, ಆಗಲಿಲ್ಲ. "ಅರ್ಧಕ್ಕಿಂತ ಜಾಸ್ತಿ ತುಂಬ್ಕೋಬ್ಯಾಡ. ಹುಷಾರು."

ಹಟ್ಟಿಯ ಬಲಬದಿಗೆ, ಗುಡಿಗೆ ಬೆನ್ನು ಮಾಡಿದ ದಿಕ್ಕಿನಲ್ಲಿ ಒಂದು ಹೊಂಗೆ ಮರ. ಹೊರಗಾದವರು ಇರಲೆಂದು ಸರ್ಕಾರದವರು ಕಟ್ಟಿಸಿದ ಕೋಣೆಯೂ ಅಲ್ಲೇ ಇದೆ, ಸೆಖೆಗೆ ಒಳಗೆ ಕೂರಲಾರದೆ ಹೆಂಗಸರು ಮರದ ಕೆಳಗೇ ಇರುತ್ತಾರೆ. ಗಂಗಲಕ್ಷ್ಮಿ ಆ ಕಡೆ ನಡೆದು ಹೋದಳು. ಕ್ಯಾತಮ್ಮ ಅವಳ ಹಿಂದೆ ಎರಡು ಹೆಜ್ಜೆ ಇಟ್ಟಳು, ಆದರೆ ಉರುಮೆ ಬಾರಿಸುವವರು ಬಂದಾಗಿತ್ತು.

ಹಳ್ಳದಲ್ಲಿ ಮರಳು ತಣ್ಣಗಿತ್ತು. ಅವಳೇ ಮಂಡಿಯೂರಿ ತೋಡಿದಳು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ, ನೀರು ಕೆಳಗಿನಿಂದ ಎದ್ದು ಬಂತು. ಅರ್ಧ ಕೊಡ ತುಂಬಿತು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡ. ಒಮ್ಮೆ ಕೊಡ ಏರಿದ ಮೇಲೆ ಅವಳನ್ನು ಯಾರೂ ಮುಟ್ಟುವಂತಿಲ್ಲ, ಹಿಂದಿನಿಂದ ಕರೆಯುವಂತಿಲ್ಲ, ನಿಲ್ಲು ಅನ್ನುವಂತಿಲ್ಲ. ನೀರು ಮುಂದೆ, ಉರುಮೆ ಅದರ ಹಿಂದೆ, ಉರುಮೆಯ ಹಿಂದೆ ಹಟ್ಟಿ.

ಅವಳು ನಡೆದಳು. ಒಣಗಿದ ಹುಲ್ಲು ಎಳೆಬಿಸಿಲಿಗೆ ಬೆಳ್ಳಗಾಗಿತ್ತು. ಕಿವಿಯ ಹತ್ತಿರ ಕೊಡದೊಳಗಿನ ನೀರು ಮೆಲ್ಲಗೆ ಮಾತಾಡುತ್ತಿತ್ತು. ಉದ್ದನೆಯ ಗೋಡೆ ಬಂತು, ಹೋಯಿತು. ಇದು ಬೇವಿನ ಮರದ ಕೆಳಗಿನ ಕನಸೋ ಅಥವಾ ನಿಜದ್ದೋ ಎಂದು ಒಮ್ಮೆ ಅನುಮಾನವಾಯಿತು. ಅಂಗಾಲಿಗೆ ಒಂದು ಕಲ್ಲು ಚುಚ್ಚಿ, ನಿಜ ಎಂದು ಗೊತ್ತಾಗಿ, ಖುಷಿಯಾಯಿತು.

ಹಟ್ಟಿಯ ಬಾಯಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಗುಡಿ, ತೊಳೆದ ಹೊಸ್ತಿಲು ಅಲ್ಲಿಂದಲೇ ಕಾಣುತ್ತದೆ. ಬಲಕ್ಕೆ ಹೊಂಗೆ ಮರ. ಮೀಸಲು ನೀರು ಯಾವತ್ತೂ ಆ ಕಡೆ ತಿರುಗಿದ್ದಿಲ್ಲ, ಹೊರಗಾದವರ ನೆರಳು ಬಿದ್ದರೆ ಅದು ದೇವರಿಗೆ ಸಲ್ಲುವುದಿಲ್ಲ. ಅಲ್ಲಿ ಕೂತವರಿಗೆ ಉರುಮೆ ಕೇಳುತ್ತದೆ, ಇಷ್ಟೆ. ಕ್ಯಾತಮ್ಮ ಹಾಗೆ ಕೇಳುತ್ತಾ ಕೂತ ವರ್ಷಗಳೆಷ್ಟೋ.

ಅವಳು ನಿಂತಳು. ಕಾಲಲ್ಲಿ ಇನ್ನೂ ಬಲವಿದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಸಂಜೆ ಸಂಜೆಗೂ ಯಾರು ತುಂಬಿದರೆಂದೂ ಗೊತ್ತಿತ್ತು. ಹೊಸ್ತಿಲನ್ನು ಒಮ್ಮೆ ನೋಡಿ, ಬಲಕ್ಕೆ ತಿರುಗಿದಳು.

ಹಿಂದೆ ಉರುಮೆಯ ಬಡಿತ ತಪ್ಪಿತು. ದೊಡ್ಡೀರಪ್ಪ ಬಾಯಿ ತೆರೆದ, ಕರೆಯುವಂತಿಲ್ಲವೆಂದು ನೆನಪಾಗಿ ಮುಚ್ಚಿಕೊಂಡ. ಚಿಕ್ಕೀರಪ್ಪ ಎರಡು ಹೆಜ್ಜೆ ಓಡಿಬಂದ, ಮುಟ್ಟುವಂತಿಲ್ಲವೆಂದು ಅಲ್ಲೇ ನಿಂತ. ಆಗ ಬಾಗಿದ ಬೆನ್ನಿನ ಶಾರದಮ್ಮ ಕೋಲೂರಿಕೊಂಡು ಎಲ್ಲರನ್ನೂ ದಾಟಿ ಬಂದಳು. "ನೀರು ಹೋಗ್ತಾ ಐತೆ, ಕಣ್ ಕಾಣಲ್ವೇನ್ರಲೇ? ಬಾರಿಸ್ರಿ" ಎಂದಳು. ಅಷ್ಟು ವರ್ಷ ಹೊತ್ತವಳ ಮಾತನ್ನು ಯಾರು ತೆಗೆದುಹಾಕುತ್ತಾರೆ? ಉರುಮೆ ಬಲಕ್ಕೆ ತಿರುಗಿತು. ಅದರ ಹಿಂದೆ ಹಟ್ಟಿಯೂ ತಿರುಗಿತು.

ಗಂಗಲಕ್ಷ್ಮಿ ಗಾಬರಿಯಿಂದ ಎದ್ದು ಮರದ ಬೊಡ್ಡೆಯ ಹಿಂದೆ ಸರಿದಳು. "ಅತ್ತೇ, ಈ ಕಡೆ ಅಲ್ಲ! ನೀರಿಗೆ ನನ್ನ ನೆಳ್ಳು ಬೀಳ್ತೈತೆ, ಹೋಗು ಅತ್ತೆ!"

"ಬಿದ್ರೆ ಬೀಳ್ಲಿ. ಈಚೀಗ್ ಬಾ" ಎಂದಳು ಕ್ಯಾತಮ್ಮ. "ಬಂದು ನೋಡು, ಸರಿಯಾಗ್ ನಿಂತಿದೀನಾ ಅಂತ. ನೀನ್ ನೋಡ್ದೆ ನಾನ್ ಹೋಗಾಕಿಲ್ಲ."

ಗಂಗಲಕ್ಷ್ಮಿ ಈಚೆಗೆ ಬಂದಳು. ಎದುರಿಗೆ ಅಷ್ಟು ಜನ, ಉರುಮೆ, ಕೊಡ. ಅವಳ ಕಣ್ಣು ಮಾತ್ರ ಅಭ್ಯಾಸದಂತೆ ಅತ್ತೆಯ ಮೊಣಕಾಲಿಗೆ ಹೋಯಿತು, ಸೊಂಟಕ್ಕೆ ಹೋಯಿತು, ಭುಜಕ್ಕೆ ಬಂದು ನಿಂತಿತು.

"ಭುಜ ಬಿಗಿ ಹಿಡ್ದಿದೀಯ" ಎಂದಳು. "ಕೆಳಗ್ ಬಿಡು ಅತ್ತೆ." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಕ್ಯಾತಮ್ಮ ಭುಜವನ್ನು ಕೆಳಗೆ ಬಿಟ್ಟಳು. ಸೊಸೆಯ ಅಳು ನಿಲ್ಲುವವರೆಗೂ ಅವಳು ಕೊಡ ಹೊತ್ತು ಆ ಮರದ ಕೆಳಗೇ ನಿಂತಳು, ಅವಳ ಹಿಂದೆ ಹಟ್ಟಿಯೆಲ್ಲಾ ನಿಂತಿತು.